ಉಳಿಸಿದ ಆ ಇಪ್ಪತ್ತು ನಿಮಿಷ ಎಲ್ಲಿ ಹೋಯಿತು?

ಮೊನ್ನೆ ಮಗಳು ಪುಣೆಯಿಂದ ಒಂದು ವಿಡಿಯೋ ಕಳಿಸಿದ್ದಳು. ಯಾರೋ ಒಬ್ಬರು ಬೆಟ್ಟದ ಮೇಲಿನ ಮನೆಯಲ್ಲಿ ಮಣ್ಣಿನ ಲೋಟದಲ್ಲಿ ಚಹಾ ಕುಡಿಯುತ್ತಾ ಮಂಜು ನೋಡುತ್ತಾ ಕೂತಿದ್ದಾರೆ. ಹಿನ್ನೆಲೆಯಲ್ಲಿ ಕೊಳಲು. ಕೆಳಗೆ ‘ಸ್ಲೋ ಲಿವಿಂಗ್’ ಅಂತ ಬರೆದಿತ್ತು. “ಅಪ್ಪಾ, ರಿಟೈರ್ ಆದ ಮೇಲೆ ನೀನೂ ಹೀಗೇ ಇರು” ಅಂತ ಜೊತೆಗೊಂದು ಸಾಲು.

ನನಗೆ ನಗು ಬಂತು. ಯಾಕೆಂದರೆ ಅದನ್ನು ನೋಡುವಾಗ ನಾನು ಕೂತಿದ್ದದ್ದು ಸ್ಲೋ ಲೋಕಲ್ಲಿನಲ್ಲಿ! ಒಂಬತ್ತು ವರ್ಷದಿಂದ ನಾನು ಅದರಲ್ಲೇ ಓಡಾಡುತ್ತಿದ್ದೇನೆ. ನನ್ನ ‘ಸ್ಲೋ ಲಿವಿಂಗ್’ಗೆ ಬೆಟ್ಟವೂ ಇಲ್ಲ, ಕೊಳಲೂ ಇಲ್ಲ. ಇರುವುದು ರೈಲ್ವೆ ಪಾಸು ಒಂದೇ.

ಬೇರೆ ಊರಿನವರಿಗೆ ಸ್ವಲ್ಪ ವಿವರಿಸಿಬಿಡುತ್ತೇನೆ. ಮುಂಬಯಿಯಲ್ಲಿ ಸ್ಲೋ ಅಂದರೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಲೋಕಲ್. ಫಾಸ್ಟ್ ಅಂದರೆ ದೊಡ್ಡ ಸ್ಟೇಷನ್ನುಗಳಲ್ಲಿ ಮಾತ್ರ ನಿಲ್ಲುವಂಥದ್ದು. ನನ್ನ ಮನೆ ಡೊಂಬಿವಲಿಯಲ್ಲಿ, ಬ್ಯಾಂಕು ಫೋರ್ಟಿನಲ್ಲಿ. ಇಳಿಯಬೇಕಾದದ್ದು ಕೊನೆಯ ಸ್ಟೇಷನ್ ಸಿಎಸ್‌ಎಂಟಿಯಲ್ಲಿ (ನಮ್ಮಂಥ ಹಳಬರ ಬಾಯಲ್ಲಿ ಅದು ಇನ್ನೂ ವಿಟಿ). ಸ್ಲೋ ಗಾಡಿ ಕೋಪರ್, ದಿವಾ, ಮುಂಬ್ರಾ, ಕಳವಾ ಅಂತ ಶುರುಮಾಡಿ ಮಸ್ಜಿದ್ ತನಕ ನಡುವೆ 22 ಕಡೆ ನಿಲ್ಲುತ್ತದೆ. ಫಾಸ್ಟ್ ಆದರೆ ಥಾಣೆ, ಘಾಟ್ಕೋಪರ್, ಕುರ್ಲಾ, ದಾದರ್, ಭಾಯಖಳಾ ಅಂತ ಬೆರಳಲ್ಲಿ ಎಣಿಸಿ ಮುಗಿಸಬಹುದು. ಎರಡಕ್ಕೂ ವ್ಯತ್ಯಾಸ ಸುಮಾರು 20 ನಿಮಿಷ.

ಈ 20 ನಿಮಿಷಕ್ಕಾಗಿ ಮುಂಬಯಿಯ ಮನುಷ್ಯ ಏನೆಲ್ಲ ಮಾಡುತ್ತಾನೆ ಅಂತ ನೋಡಿದವರಿಗೇ ಗೊತ್ತು. ಪ್ಲಾಟ್‌ಫಾರಂ ಮೇಲೆ ತನ್ನ ಡಬ್ಬಿಯ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೋ ಅಲ್ಲೇ ಕಾಲೂರಿ ನಿಲ್ಲುತ್ತಾನೆ. ಇಂಡಿಕೇಟರಿನಲ್ಲಿ ಸ್ಲೋ ಬಂದಿದ್ದರೆ ಖಾಲಿ ಸೀಟು ಕಾಣುತ್ತಿದ್ದರೂ ಹತ್ತುವುದಿಲ್ಲ. ಹಿಂದಿನ ಫಾಸ್ಟಿನಲ್ಲಿ ಒಂಟಿ ಕಾಲಿನ ಮೇಲೆ, ಮುಂದಿನವನ ಬ್ಯಾಗಿಗೆ ಮುಖ ಒತ್ತಿಕೊಂಡು ಬರುತ್ತಾನೆ. ನಾನು 1992ರಲ್ಲಿ ಡೊಂಬಿವಲಿಗೆ ಬಂದಾಗಿನಿಂದ 2016ರ ತನಕ, 24 ವರ್ಷ, ಹೀಗೇ ಬಂದವನು. ಬಿಕಾಂ ಮುಗಿಸಿ ಕುಂದಾಪುರ ಕಡೆಯಿಂದ ಬಸ್ಸು ಹತ್ತಿ ಬಂದ ಹುಡುಗ ನಾನು. “ಸ್ಲೋದಲ್ಲಿ ಹೋಗುವವರು ಮುದುಕರು” ಅಂತ ಇಲ್ಲಿಗೆ ಬಂದ ಮೊದಲ ವಾರದಲ್ಲೇ ರೂಮಿನ ಗೆಳೆಯರು ಕಲಿಸಿಬಿಟ್ಟಿದ್ದರು.

2016ರಲ್ಲಿ ಒಂದು ದಿನ, ಇನ್ನೂ ಪೂರ್ತಿ ನಿಲ್ಲದ ಗಾಡಿಗೆ ಹಾರಿ ಹತ್ತಲು ಹೋಗಿ ಬಲ ಮಂಡಿ ತಿರುಚಿಕೊಂಡೆ. ಸೀಟೂ ಸಿಗಲಿಲ್ಲ, ಅದು ಬೇರೆ ಮಾತು. ಡಾಕ್ಟರು “ಒಂದು ತಿಂಗಳು ನೂಕುನುಗ್ಗಲಿಗೆ ಹೋಗಬೇಡಿ” ಅಂದರು. ಬೇರೆ ದಾರಿಯಿಲ್ಲದೆ, ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಗಾಡಿಯಲ್ಲಿ ಹೋಗಲು ಶುರುಮಾಡಿದೆ. 20 ನಿಮಿಷ ಮೊದಲು ಮನೆ ಬಿಡಬೇಕು, ಆದರೆ ಕೂರಲು ಸೀಟು ಸಿಗುತ್ತದೆ. ಒಂದೊಂದು ದಿನ ಕಿಟಕಿಯೂ.

ಮೊದಲ ವಾರ ಚಡಪಡಿಕೆ. ಪಕ್ಕದ ಹಳಿಯಲ್ಲಿ ಫಾಸ್ಟ್ ಗಾಡಿ ದಾಟಿಹೋದಾಗಲೆಲ್ಲ ಯಾರೋ ನನ್ನ ಪ್ರಮೋಷನ್ ಕಿತ್ತುಕೊಂಡ ಹಾಗೆ ಆಗುತ್ತಿತ್ತು! ಎರಡನೇ ವಾರ ಹೊರಗೆ ನೋಡಲು ಶುರುಮಾಡಿದೆ. ಆಗ ಗೊತ್ತಾಯಿತು, ನಾನು 24 ವರ್ಷ ಈ ದಾರಿಯನ್ನು ನೋಡಿಯೇ ಇಲ್ಲ ಅಂತ.

ಉತ್ಪ್ರೇಕ್ಷೆ ಮಾಡುತ್ತಿಲ್ಲ. ಆ ಕಾಲದಲ್ಲಿ ಫಾಸ್ಟ್ ಗಾಡಿಗಳು ಥಾಣೆಗಿಂತ ಮೊದಲು ಪಾರ್ಸಿಕ್ ಸುರಂಗದಲ್ಲಿ ನುಗ್ಗಿ ಹೋಗುತ್ತಿದ್ದವು. 1916ರಲ್ಲಿ ತೆರೆದ, ಸುಮಾರು 1.3 ಕಿ.ಮೀ. ಉದ್ದದ ಸುರಂಗ ಅದು. ದಾರಿ ಹತ್ತಿರ ಮಾಡುವುದಕ್ಕೇ ಬೆಟ್ಟ ಕೊರೆದಿದ್ದರು. ಸ್ಲೋ ಗಾಡಿ ಮಾತ್ರ ಬೆಟ್ಟವನ್ನು ಸುತ್ತಿಕೊಂಡು ಮುಂಬ್ರಾ, ಕಳವಾ ಮೇಲೆ ಬರುತ್ತಿತ್ತು. 2022ರಲ್ಲಿ ಥಾಣೆ ಮತ್ತು ದಿವಾ ನಡುವೆ 5 ಮತ್ತು 6ನೇ ಹಳಿ ಬಂದ ಮೇಲೆ ಗಾಡಿಗಳ ದಾರಿ ಬದಲಾಯಿತು, ಅದು ಇರಲಿ. ನಾನು ಹೇಳಲು ಹೊರಟದ್ದು ಇಷ್ಟೇ. ಬೇಗ ಹೋಗುವವನಿಗೆ ಕತ್ತಲೆ, ನಿಧಾನವಾಗಿ ಹೋಗುವವನಿಗೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಖಾಡಿಯ ನೀರು. ಮಳೆಗಾಲದಲ್ಲಿ ಆ ಬೆಟ್ಟದ ಮೈಮೇಲೆ ಬಿಳಿ ದಾರ ಇಳಿಬಿಟ್ಟ ಹಾಗೆ ಸಣ್ಣ ಸಣ್ಣ ಜಲಪಾತಗಳು ಬೀಳುತ್ತವೆ. ಮೇಲೆ ಮುಂಬ್ರಾ ದೇವಿಯ ಗುಡಿ. ಖಾಡಿಯ ಕೆಸರಿನಲ್ಲಿ ಕೊಕ್ಕರೆಗಳು ಒಂಟಿ ಕಾಲಿನಲ್ಲಿ ನಿಂತಿರುತ್ತವೆ. ನಾನೂ ಅಷ್ಟು ವರ್ಷ ಒಂಟಿ ಕಾಲಿನಲ್ಲೇ ನಿಂತಿದ್ದೆ, ಆದರೆ ಕೊಕ್ಕರೆಯ ಮುಖದಲ್ಲಿದ್ದ ಸಮಾಧಾನ ನನ್ನ ಮುಖದಲ್ಲಿ ಇದ್ದಿರಲಾರದು.

ಇನ್ನೊಂದು ಲಾಭ ಮಾಟುಂಗಾ. ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದಿಲ್ಲ. ನಮ್ಮ ಕನ್ನಡಿಗರಿಗೆ ಮಾಟುಂಗಾ ಅಂದರೆ ಏನು ಅಂತ ಹೇಳಬೇಕಾಗಿಲ್ಲ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇರುವುದು ಅಲ್ಲಿ. 1942ರಿಂದ ಬಾಳೆಲೆ ಊಟ ಹಾಕುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಟೇಷನ್ನಿನ ಎದುರಿಗೇ ಇದೆ. ಮಂಗಳೂರು ಸೌತೆ, ಕೆಸುವಿನ ಎಲೆ, ಕುಚ್ಚಲಕ್ಕಿ, ಮೈಸೂರು ಮಲ್ಲಿಗೆ, ಏನು ಬೇಕು? ಇಷ್ಟೆಲ್ಲ ಇದ್ದರೂ 24 ವರ್ಷ ವಾರಕ್ಕೆ ಆರು ದಿನ ಅದರ ಮುಂದೆಯೇ ಹಾದುಹೋಗಿ, ಹಬ್ಬಕ್ಕೆ ಒಂದೋ ಎರಡೋ ಸಲ ಇಳಿದಿದ್ದೆ. ಈಗ ವಾರಕ್ಕೊಂದು ಸಂಜೆ ಇಳಿಯುತ್ತೇನೆ. ಒಂದು ಕಾಫಿ, ನಾಲ್ಕು ಕಟ್ಟು ಸೊಪ್ಪು, ಅಂಗಡಿಯವನ ಜೊತೆ ಎರಡು ಕನ್ನಡದ ಮಾತು. ಮತ್ತೆ ಮುಂದಿನ ಸ್ಲೋ. ಖರ್ಚು ನೂರೈವತ್ತು ರೂಪಾಯಿ ಮೀರುವುದಿಲ್ಲ.

ಮಂಡಿ ವಾಸಿಯಾಯಿತು. ನಾನು ಮಾತ್ರ ಫಾಸ್ಟಿಗೆ ವಾಪಸು ಹೋಗಲಿಲ್ಲ.

ಬ್ಯಾಂಕಿನವನಾದ್ದರಿಂದ ಒಂದು ದಿನ ಗಾಡಿಯಲ್ಲಿ ಕೂತೇ ಲೆಕ್ಕ ಹಾಕಿದೆ. ಹೋಗುವಾಗ 20, ಬರುವಾಗ 20, ದಿನಕ್ಕೆ 40 ನಿಮಿಷ ಉಳಿತಾಯ. ವರ್ಷಕ್ಕೆ ಸುಮಾರು 270 ಕೆಲಸದ ದಿನ ಅಂದರೆ 10,800 ನಿಮಿಷ, ಅಂದರೆ 180 ಗಂಟೆ, ಅಂದರೆ ಏಳೂವರೆ ದಿನ. ನಡುವಿನ ವರ್ಗಾವಣೆ, ರಜೆ ಎಲ್ಲ ಪಕ್ಕಕ್ಕಿಟ್ಟು 24 ವರ್ಷಕ್ಕೆ ಗುಣಿಸಿದರೆ 180 ದಿನ. ಹಗಲು ರಾತ್ರಿ ಸೇರಿಸಿ ಆರು ತಿಂಗಳು! ನೂಕಿಸಿಕೊಂಡು, ಬೆವರು ಸುರಿಸಿ, ಅಂಗಿಯ ಗುಂಡಿ ಕಳೆದುಕೊಂಡು ನಾನು ಆರು ತಿಂಗಳ ಆಯುಷ್ಯ ಉಳಿಸಿದ್ದೆ.

ಸರಿ, ಉಳಿಸಿದ್ದು ಎಲ್ಲಿ ಜಮೆಯಾಯಿತು? ಎಷ್ಟು ಹುಡುಕಿದರೂ ಎಂಟ್ರಿ ಸಿಗಲಿಲ್ಲ. ಬೆಳಿಗ್ಗೆಯ 20 ನಿಮಿಷ ಹಾಸಿಗೆಯಲ್ಲಿ ಹೊರಳಾಡಿದ್ದಕ್ಕೆ ಹೋಯಿತು. ಸಂಜೆಯ 20 ನಿಮಿಷ ಟಿವಿ ಮುಂದೆ ಹೋಯಿತು. ಮಗಳ ಜೊತೆ ಆಡಿದ್ದು, ಹಾಡು ಕೇಳಿದ್ದು, ಪುಸ್ತಕ ಓದಿದ್ದು ಯಾವುದೂ ಈ ಖಾತೆಯಿಂದ ಬಂದದ್ದಲ್ಲ. ಹಿಂದೆ ನಮ್ಮ ಲೆಡ್ಜರ್ ಕಾಲದಲ್ಲಿ ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮನೆಗೆ ಹೋಗುತ್ತಿದ್ದೆವು. ನನ್ನ ಆರು ತಿಂಗಳೂ ಹಾಗೇ ಸಸ್ಪೆನ್ಸಿನಲ್ಲಿದೆ. ಇನ್ನು ಸಿಗುವುದಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ ಅನ್ನಿಸುತ್ತೆ. ನಮ್ಮ ಬ್ಯಾಂಕಿನ ಕೆಲಸವನ್ನೇ ನೋಡಿ. ನಾನು ಸೇರಿದಾಗ ಊರಿನ ಕಡೆಯ ಚೆಕ್ಕು ಹಣವಾಗಲು ಎರಡು ಮೂರು ವಾರ ಹಿಡಿಯುತ್ತಿತ್ತು. ಕಂಪ್ಯೂಟರ್ ಬಂತು, “ಇನ್ನು ಐದಕ್ಕೆ ಮನೆಗೆ ಹೋಗಬಹುದು” ಅಂದುಕೊಂಡೆವು. 2016ರಲ್ಲಿ ಯುಪಿಐ ಬಂತು. ನೆಫ್ಟ್ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ಹಗಲು ರಾತ್ರಿ ನಡೆಯುತ್ತಿವೆ. 2025ರ ಅಕ್ಟೋಬರ್ 4ರಿಂದ ಚೆಕ್ಕು ಕೂಡ ಹಾಕಿದ ದಿನವೇ ಪಾಸಾಗುತ್ತಿದೆ. ಎಲ್ಲ ಬೇಗ ಆಯಿತು. ಆದರೆ ನಮ್ಮ ಕೌಂಟರಿನಲ್ಲಿ “ಅರ್ಜೆಂಟ್ ಇಲ್ಲ, ನಿಧಾನಕ್ಕೆ ಮಾಡಿ” ಅಂತ ಹೇಳುವ ಗಿರಾಕಿಗಳು ಜಾಸ್ತಿಯಾದರೇ? ಇಲ್ಲ. ಮೂರು ವಾರ ಕಾಯುತ್ತಿದ್ದವರು ಈಗ ಮೂರು ನಿಮಿಷಕ್ಕೆ ಕೂಗಾಡುತ್ತಾರೆ. ನಾವೂ ಐದಕ್ಕೆ ಮನೆಗೆ ಹೋಗಲಿಲ್ಲ.

ಬರೀ ರಜೆ ಸಿಕ್ಕರೆ ಸಾಕು ಅನ್ನುವುದೂ ಸುಳ್ಳು. 2015ರ ಸೆಪ್ಟೆಂಬರಿನಿಂದ ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಬಂತು. ಎಷ್ಟು ಖುಷಿಪಟ್ಟಿದ್ದೆವು! ಮೊದಲ ರಜೆಯ ಶನಿವಾರ ನಾನು ಮಾಡಿದ್ದೇನು ಅಂತ ನೆನಪಿದೆ. ಹತ್ತು ಗಂಟೆಗೆ ಎದ್ದೆ, ಮಾಲ್‌ಗೆ ಹೋದೆ, ಪಾರ್ಕಿಂಗ್ ಸಿಗದೆ ಜಗಳವಾಡಿದೆ, ತಲೆನೋವು ತಂದುಕೊಂಡು ಮಲಗಿದೆ. ಸಮಯ ಇರುವುದು ಬೇರೆ, ಸಾವಧಾನ ಇರುವುದು ಬೇರೆ. ಮೊದಲನೆಯದನ್ನು ಯೂನಿಯನ್ನು ಕೊಡಿಸಬಹುದು. ಎರಡನೆಯದನ್ನು ನಾವೇ ಕಲಿಯಬೇಕು.

ಇಷ್ಟು ಬರೆದು ನಿಲ್ಲಿಸಿದ್ದರೆ ಇದು ಒಂದು ಒಳ್ಳೆಯ ಉಪದೇಶವಾಗುತ್ತಿತ್ತು. ಆದರೆ ಇದರ ಇನ್ನೊಂದು ಭಾಗವನ್ನು ಹೇಳದಿದ್ದರೆ ನಾನು ಸುಳ್ಳು ಬ್ಯಾಲೆನ್ಸ್ ಶೀಟ್ ಬರೆದ ಹಾಗಾಗುತ್ತದೆ.

ಸ್ಲೋ ಗಾಡಿ ಶುರುವಾಗಿ ಏಳೆಂಟು ತಿಂಗಳಾಗಿತ್ತು. ಮನೆಗೆ ಬಂದ ನೆಂಟರ ಎದುರಿಗೆ ನಾನು ಕೊಕ್ಕರೆ, ಜಲಪಾತ, ಮಾಟುಂಗಾ ಕಾಫಿ ಅಂತ ವರ್ಣಿಸುತ್ತಿದ್ದೆ. “ಜೀವನದಲ್ಲಿ ನಿಧಾನ ಬೇಕು” ಅಂದೆ. ಒಳಗಿನಿಂದ ನನ್ನಾಕೆ ಚಹಾದ ಟ್ರೇ ಹಿಡಿದು ಬಂದವಳು ನಗುತ್ತಲೇ ಅಂದಳು:

“ಹೌದು ಹೌದು. ನಿಮ್ಮ ಸ್ಲೋ ಗಾಡಿ ಹಿಡೀಲಿಕ್ಕೆ ನಾನು ಫಾಸ್ಟ್ ಆಗಬೇಕಾಯ್ತಲ್ಲ ಮಾರಾಯ್ರೆ!”

ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಮಲಗಿದಾಗ ಆ ಮಾತು ಕೊರೆಯಲು ಶುರುವಾಯಿತು. ನಾನು 20 ನಿಮಿಷ ಮೊದಲು ಮನೆ ಬಿಡಬೇಕು ಅಂದರೆ ಡಬ್ಬಿ 20 ನಿಮಿಷ ಮೊದಲು ತಯಾರಾಗಬೇಕು. ಅಂದರೆ ಅವಳು 20 ನಿಮಿಷ ಮೊದಲು ಏಳಬೇಕು. ಮೊದಲು ಐದಕ್ಕೆ ಏಳುತ್ತಿದ್ದವಳು ಈಗ ನಾಲ್ಕೂ ನಲವತ್ತಕ್ಕೆ ಅಲಾರಂ ಇಡುತ್ತಿದ್ದಳು. ಎಂಟು ತಿಂಗಳಿನಿಂದ! ನಾನು ಕಿಟಕಿಯಲ್ಲಿ ಬೆಟ್ಟ ನೋಡುತ್ತಿದ್ದ ಆ 20 ನಿಮಿಷ ಅವಳ ನಿದ್ದೆಯಿಂದ ತೆಗೆದದ್ದು. ಬಿಕಾಂ ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ, ಒಂದು ಕಡೆ ಜಮೆ ಆದರೆ ಇನ್ನೊಂದು ಕಡೆ ಖರ್ಚು ಬಿದ್ದೇ ಇರುತ್ತದೆ ಅಂತ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಅದು ಮನೆಯ ಲೆಕ್ಕದಲ್ಲಿ ಹೊಳೆದಿರಲಿಲ್ಲ.

ಆಮೇಲೆ ಅಮ್ಮನ ನೆನಪಾಯಿತು. ನಾವು ಊರು ಬಿಟ್ಟವರು ಊರಿನ ನಿಧಾನವನ್ನು ಬಹಳ ಹೊಗಳುತ್ತೇವೆ. ಜಗಲಿ, ಎಲೆ ಅಡಿಕೆ ತಟ್ಟೆ, ಮಳೆ ನೋಡುತ್ತಾ ಕೂರುವ ಅಪ್ಪ, ಚಿಕ್ಕಪ್ಪ. ನಿಜ, ಅಪ್ಪ ನಿಧಾನವಾಗಿಯೇ ಇದ್ದರು. ಅಮ್ಮ ಯಾವಾಗ ನಿಧಾನವಾಗಿದ್ದಳು? ಬಾವಿಯಿಂದ ನೀರು ಸೇದಿ, ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು, ಹಟ್ಟಿಗೂ ಅಡುಗೆಮನೆಗೂ ಓಡುತ್ತಿದ್ದ ಅಮ್ಮ ಜಗಲಿಯಲ್ಲಿ ಕೂತು ಮಳೆ ನೋಡಿದ್ದು ನನಗೆ ನೆನಪೇ ಇಲ್ಲ. ನಾವು ನೆನೆಸಿಕೊಂಡು ನಿಟ್ಟುಸಿರು ಬಿಡುವ ಆ ಊರಿನ ನಿಧಾನ ಅರ್ಧ ಮನೆಯವರದ್ದು. ಇನ್ನರ್ಧ ಮನೆಯವರ ಓಟದ ಮೇಲೆ ಅದು ನಿಂತಿತ್ತು.

ಹಾಗಾಗಿ ಮನೆಯಲ್ಲಿ ಸ್ವಲ್ಪ ಬದಲಾವಣೆ ಮಾಡಿಕೊಂಡೆವು. ದೊಡ್ಡ ಕ್ರಾಂತಿಯೇನಲ್ಲ. ರಾತ್ರಿ ಊಟವಾದ ಮೇಲೆ ನಾಳೆಯ ತರಕಾರಿ ನಾನು ಹೆಚ್ಚುತ್ತೇನೆ. ಬೆಳಿಗ್ಗೆ ಕಾಫಿಯ ಡಿಕಾಕ್ಷನ್ ನಾನು ಹಾಕುತ್ತೇನೆ, ಡಬ್ಬಿಯೂ ನಾನೇ ತುಂಬಿಕೊಳ್ಳುತ್ತೇನೆ. ಅವಳು ಏಳುವುದು ಐದೂವರೆಗೆ. ಮೊದಮೊದಲು ನನ್ನ ಬೀನ್ಸ್ ತುಂಡುಗಳನ್ನು ನೋಡಿ “ಇದು ಪಲ್ಯಕ್ಕೋ, ದನಕ್ಕೋ?” ಅಂದಿದ್ದಳು. ಈಗ ಏನೂ ಅನ್ನುವುದಿಲ್ಲ, ಅಂದರೆ ಪಾಸಾಗಿದ್ದೇನೆ ಅಂತ ಅರ್ಥ.

ನಿಜ ಹೇಳುತ್ತೇನೆ, ಕಿಟಕಿ ಸೀಟಿಗಿಂತ ದೊಡ್ಡ ಸುಖ ಅಲ್ಲಿ ಸಿಕ್ಕಿತು. ನಮ್ಮ ಗ್ರಿಲ್ಲಿನಲ್ಲಿ ಒಂದು ಬಸಳೆ ಬಳ್ಳಿ ಇದೆ. ವಾರಕ್ಕೊಂದು ಸಲ ಅದರ ದಂಟು ಕೊಯ್ದು, ಎಲೆ ಬಿಡಿಸಿ, ತುಂಡು ಮಾಡುತ್ತಾ ಇಬ್ಬರೂ ಕೂತರೆ ಯಾವ್ಯಾವುದೋ ಮಾತು ಬರುತ್ತದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಹೈಸ್ಕೂಲಿನಲ್ಲಿ ಖೋ ಖೋ ಆಡುತ್ತಿದ್ದಳು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಬಸಳೆ ಬಿಡಿಸುವಾಗ ಗೊತ್ತಾಯಿತು.

ಭಾನುವಾರ ಕುಚ್ಚಲಕ್ಕಿ ಗಂಜಿ. ನಮ್ಮ ಕರಾವಳಿಯವರಿಗೆ ಗೊತ್ತು, ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಕುಕ್ಕರಿನಲ್ಲಿ ಹಾಕಿ ಅವಸರ ಮಾಡಿದರೆ ಆಗುತ್ತದೆ, ಆದರೆ ಆ ತಿಳಿಯ ರುಚಿ ಬರುವುದಿಲ್ಲ. ಪಾತ್ರೆಯಲ್ಲಿಟ್ಟು ಆಗಾಗ ಕದಡುತ್ತಾ ಪೇಪರ್ ಓದುತ್ತೇನೆ. ಆಮೇಲೆ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. 1986ರಲ್ಲಿ ರೋಮ್ ನಗರದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಅಂಗಡಿ ಬಂದಾಗ ಅದನ್ನು ವಿರೋಧಿಸಿದ ಕಾರ್ಲೊ ಪೆಟ್ರಿನಿ ಎಂಬ ಇಟಲಿಯವರು ‘ಸ್ಲೋ ಫುಡ್’ ಅಂತ ಒಂದು ಚಳವಳಿಯನ್ನೇ ಕಟ್ಟಿದರು, ಬಸವನಹುಳುವನ್ನು ಅದರ ಗುರುತಾಗಿ ಇಟ್ಟುಕೊಂಡರು. ಒಳ್ಳೆಯದೇ. ಆದರೆ ನಮ್ಮ ಗಂಜಿಗೆ ಚಳವಳಿ ಬೇಕಾಗಿಲ್ಲ, ಒಲೆಯ ಹತ್ತಿರ ನಿಲ್ಲುವವರು ಸರದಿಯಲ್ಲಿ ಬದಲಾದರೆ ಸಾಕು.

“ಸಾರ್, ಇದೆಲ್ಲ ಹೊಟ್ಟೆ ತುಂಬಿದವರ ಮಾತು” ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ಡೊಂಬಿವಲಿಯಿಂದ ಹೊರಡುವ ಗಾಡಿ ನನಗಿದೆ, ಕರ್ಜತ್‌ನಿಂದ, ಕಸಾರಾದಿಂದ ಬರುವವನಿಗೆ ಸ್ಲೋದಲ್ಲಿ ಹೋಗು ಅನ್ನುವುದು ಕ್ರೌರ್ಯ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಹತ್ತಿರದ ತಿರುವಿನಲ್ಲಿ, ಎದುರುಬದುರಾಗಿ ಹೋಗುತ್ತಿದ್ದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದು ಕನಿಷ್ಠ ನಾಲ್ವರು ಸತ್ತರು. ನಾನು ದಿನಾ ಜಲಪಾತ ನೋಡುವ ಜಾಗವೇ ಅದು. ಅವರು ವೇಗದ ಮೇಲಿನ ಪ್ರೀತಿಯಿಂದ ಬಾಗಿಲಲ್ಲಿ ನೇತಾಡಿದವರಲ್ಲ. ಮುಂದಿನ ಗಾಡಿಯಲ್ಲೂ ಜಾಗ ಇರುವುದಿಲ್ಲ, ತಡವಾದರೆ ಸಂಬಳ ಕತ್ತರಿಸುತ್ತಾರೆ. ಅಂಥವರಿಗೆ “ಸಾವಧಾನವಾಗಿರಿ” ಅಂತ ಬೋಧಿಸುವ ಮುಖ ನನಗಿಲ್ಲ.

ಆದರೆ ಅವರಿಗೆ ಸಾವಧಾನ ಸಿಗುವ ಹಾಗೆ ಮಾಡುವ ಅಧಿಕಾರ ಒಂದಿಷ್ಟು ನಮ್ಮಂಥವರ ಕೈಯಲ್ಲಿದೆ. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ದೇಶವೆಲ್ಲ ಚರ್ಚೆಯಾಯಿತು. ನನಗೆ ಅನ್ನಿಸಿದ್ದು, ಮುಂಬಯಿಯ ಗುಮಾಸ್ತ ದಿನಕ್ಕೆ ಮೂರು ನಾಲ್ಕು ಗಂಟೆ ರೈಲಿನಲ್ಲಿ ನಿಲ್ಲುವುದನ್ನೂ ಸೇರಿಸಿದರೆ ಆ 70ರ ಹತ್ತಿರ ಅವನು ಆಗಲೇ ತಲುಪಿದ್ದಾನೆ. ನಮ್ಮ ಶಾಖೆಗೆ ಬದಲಾಪುರದಿಂದ ಬರುವ ಒಬ್ಬಳು ಹುಡುಗಿ ಇದ್ದಾಳೆ, ಮನೆಯಲ್ಲಿ ಎರಡು ವರ್ಷದ ಮಗು. ದಿನಾ ಓಡುತ್ತಾ, ಏದುಸಿರು ಬಿಡುತ್ತಾ ಕೌಂಟರಿಗೆ ಬರುತ್ತಿದ್ದಳು. ಮ್ಯಾನೇಜರರ ಹತ್ತಿರ ಮಾತಾಡಿ ಅವಳಿಗೆ ಒಳಗಿನ ಕೆಲಸ ಕೊಡಿಸಿ, ಅರ್ಧ ಗಂಟೆ ತಡವಾಗಿ ಬಂದು ಅರ್ಧ ಗಂಟೆ ತಡವಾಗಿ ಹೋಗುವ ಹಾಗೆ ಮಾಡಿದೆವು. ಬ್ಯಾಂಕೇನೂ ಮುಳುಗಲಿಲ್ಲ. ನಾನು ಹತ್ತು ವರ್ಷ ಮೊದಲೇ ಬೇರೆ ಯಾರಿಗಾದರೂ ಇದನ್ನು ಮಾಡಬಹುದಿತ್ತು. ಆಗ ನಾನೇ ಓಡುತ್ತಿದ್ದೆ, ಪಕ್ಕದಲ್ಲಿ ಓಡುವವರು ಕಾಣುತ್ತಿರಲಿಲ್ಲ.

ಹಾಗೆಯೇ ನಾವು ಸೋಫಾದಲ್ಲಿ ಕೂತು ಕೊತ್ತಂಬರಿ ಸೊಪ್ಪು ಮೊಬೈಲಿನಲ್ಲಿ ತರಿಸುವುದು. ನಿಮಿಷಗಳ ಲೆಕ್ಕದಲ್ಲಿ ಬೆಲ್ ಬಾರಿಸುವ ಆ ಹುಡುಗನ ಹೆಲ್ಮೆಟ್ಟಿನಿಂದ ಮಳೆನೀರು ಇಳಿಯುತ್ತಿರುತ್ತದೆ. ನಮ್ಮ ನೆಮ್ಮದಿಗೆ ಅವನು ಸಿಗ್ನಲ್ ಹಾರಿರುತ್ತಾನೆ. ಕೆಳಗೆ ಇಳಿದು ಹೋದರೆ ಏಳು ನಿಮಿಷದ ದಾರಿಯಲ್ಲಿ ಭಾಜಿವಾಲಿ ಇದ್ದಾಳೆ. ಇಪ್ಪತ್ತು ವರ್ಷದಿಂದ ಪರಿಚಯ, ಕೊಸರಿಗೆ ಎರಡು ಹಸಿಮೆಣಸು ಹಾಕುತ್ತಾಳೆ. ನಡೆದಾಡಿದ ಹಾಗೂ ಆಗುತ್ತದೆ.

ಕೊನೆಯದಾಗಿ ನವೆಂಬರ್ ತಿಂಗಳ ಒಂದು ಮಾತು. ಪೆನ್ಷನ್ ಪಡೆಯುವವರು ವರ್ಷಕ್ಕೊಂದು ಸಲ ಬದುಕಿದ್ದೇನೆ ಅಂತ ಜೀವನ ಪ್ರಮಾಣ ಪತ್ರ ಕೊಡಬೇಕು. ಹೆಚ್ಚಿನವರು ಬರುವುದು ನವೆಂಬರಿನಲ್ಲಿ. 2014ರ ನವೆಂಬರಿನಿಂದ ಇದು ಡಿಜಿಟಲ್ ಆಗಿಯೂ ಆಗುತ್ತದೆ, ಈಗಂತೂ ಮನೆಯಲ್ಲೇ ಕೂತು ಫೋನಿಗೆ ಮುಖ ತೋರಿಸಿದರೂ ಸಾಕು. ಆದರೂ ನಮ್ಮ ಶಾಖೆಗೆ ಒಬ್ಬರು ಮರಾಠಿ ಅಜ್ಜ ತಪ್ಪದೆ ಬರುತ್ತಾರೆ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಎರಡು ವರ್ಷದ ಹಿಂದೆ ನಾನು ಕೇಳಿದೆ, “ಆಜೋಬಾ, ಇಷ್ಟು ದೂರ ಯಾಕೆ ಬರ್ತೀರಿ? ಮೊಮ್ಮಗನ ಫೋನಿನಲ್ಲಿ ಎರಡು ನಿಮಿಷದ ಕೆಲಸ.”

ಅವರು ನಕ್ಕು, “ಅರೆ ಸಾಹೇಬ್, ಎರಡು ನಿಮಿಷದಲ್ಲಿ ಮುಗಿಸಿ ಉಳಿದ ದಿನ ಏನು ಮಾಡಲಿ? ಬದುಕಿದ್ದೇನೆ ಅಂತ ಬರೆದುಕೊಡಬೇಕಾದರೆ ನಾಲ್ಕು ಜನರಿಗೆ ಕಾಣಬೇಡವೇ?” ಅಂತ ಮರಾಠಿಯಲ್ಲಿ ಹೇಳಿದರು. ಸಹಿ ಹಾಕಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂತು, ನಮ್ಮ ಪ್ಯೂನ್ ತಂದುಕೊಟ್ಟ ಕಟಿಂಗ್ ಚಾಯ್ ಕುಡಿದು, ಎಲ್ಲರಿಗೂ ನಮಸ್ಕಾರ ಹೇಳಿ ಹೋದರು. ಹಿಂದೆಲ್ಲ ಇಂಥವರು ಬಂದರೆ ಗಡಿಯಾರ ನೋಡುತ್ತಿದ್ದೆ. ಅವತ್ತು ಬಾಗಿಲ ತನಕ ಹೋಗಿ ಬಿಟ್ಟು ಬಂದೆ.

ಮಗಳಿಗೆ ಉತ್ತರ ಬರೆದಿದ್ದೇನೆ. “ರಿಟೈರ್ ಆದ ಮೇಲೆ ಬೇಡ ಮಗಾ, ಇವತ್ತಿನದ್ದು ಇವತ್ತೇ ಮುಗಿಸುತ್ತಿದ್ದೇನೆ. ಭಾನುವಾರ ಬಾ, ಗಂಜಿ ಮಾಡುತ್ತೇನೆ. ಅಮ್ಮನಿಗೆ ರಜೆ.”

ಅದಕ್ಕೆ ಅವಳ ಉತ್ತರ: “ಎಕ್ಸ್‌ಪ್ರೆಸ್‌ನಲ್ಲಿ ಬರಲೋ, ಪ್ಯಾಸೆಂಜರ್‌ನಲ್ಲಿ ಬರಲೋ?”

ಅಪ್ಪನ ಮಗಳೇ ಸರಿ. ಅಂದ ಹಾಗೆ, ನೀವು ಉಳಿಸಿದ ಇಪ್ಪತ್ತು ನಿಮಿಷ ಯಾರ ಖಾತೆಯಲ್ಲಿದೆ, ಒಮ್ಮೆ ನೋಡಿಕೊಳ್ಳಿ.